ಮಾರ್ಕ್ಸ್, ಸಂದರ್ಶನ, ದುಡ್ಡು, ರ‍್ಯಾಂಕ್: ಕಾಲೇಜು ಸೀಟು ಹಂಚಿದ ಕಥೆ

ಪಿಯುಸಿ ಫಲಿತಾಂಶ ಬಂದ ವಾರ ಊರೂರಲ್ಲಿ ಒಂದೇ ಮಾತು. ‘ಮಾರ್ಕ್ಸ್ ಚೆನ್ನಾಗಿ ಬಂದಿದೆ, ಆದರೂ ಸೀಟು ಸಿಗುತ್ತೋ ಇಲ್ವೋ.’ ಎಂಜಿನಿಯರಿಂಗಿಗೆ ಒಂದು ಪರೀಕ್ಷೆ, ಡಾಕ್ಟರ್ ಆಗಲು ಇನ್ನೊಂದು, ಕೃಷಿ ಪದವಿಗೆ ಮತ್ತೊಂದು ಲೆಕ್ಕ. ಈ ನಿಯಮಗಳು ಒಂದೇ ದಿನ ಹುಟ್ಟಿದ್ದಲ್ಲ. ಸೀಟು ಅಳೆಯುವ ಸೇರು ನಮ್ಮ ರಾಜ್ಯದಲ್ಲಿ ಹಲವು ಸಲ ಬದಲಾಗಿದೆ. ಸೇರು ಬದಲಾದಾಗಲೆಲ್ಲ ಹಳ್ಳಿ ಮಕ್ಕಳ ಪಾಲಿನ ಲೆಕ್ಕವೂ ಬದಲಾಗಿದೆ.

1916ಕ್ಕೆ ಮೊದಲು ಮೈಸೂರು ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾಲಯ ಇರಲಿಲ್ಲ. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಪರೀಕ್ಷೆಯ ನಿಯಮ ಅಲ್ಲಿಂದಲೇ ಬರುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದ ಮೇಲೆ ಆ ಅಧಿಕಾರ ನಮ್ಮ ನಾಡಿಗೆ ಬಂತು.

ಯಾರಿಗೆ ಎಷ್ಟು ಸೀಟು ಎಂಬ ಜಗಳ ಜೋರಾದದ್ದು ಏಕೀಕರಣದ ನಂತರ. 1962ರಲ್ಲಿ ರಾಜ್ಯ ಸರ್ಕಾರ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳ ಶೇ 68ರಷ್ಟು ಸೀಟು ಮೀಸಲಿಟ್ಟಿತು. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಮೀಸಲಾತಿ ಸಾಮಾನ್ಯವಾಗಿ ಶೇ 50ಕ್ಕಿಂತ ಕಡಿಮೆ ಇರಬೇಕು ಎಂದಿತು. ಇವತ್ತಿಗೂ ಕೇಳುವ ‘ಐವತ್ತರ ಮಿತಿ’ಯ ಮಾತಿಗೆ ಬೇರು ನಮ್ಮ ರಾಜ್ಯದ ಕಾಲೇಜು ಸೀಟಿನಲ್ಲೇ ಇದೆ.

ಆಗ ಮಾರ್ಕ್ಸ್ ಜೊತೆ ಸಂದರ್ಶನವೂ ಇತ್ತು. ಐಚ್ಛಿಕ ವಿಷಯಗಳ ಒಟ್ಟು ಅಂಕದ ಶೇ 25ರಷ್ಟು ಅಂಕ ಅದಕ್ಕೆ. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟ, ಚರ್ಚಾ ಸ್ಪರ್ಧೆ, ನಾಟಕ ಎಲ್ಲವನ್ನೂ ನೋಡುತ್ತಿದ್ದರು. 1964ರಲ್ಲಿ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಪದ್ಧತಿಯನ್ನು ಒಪ್ಪಿತು. ಆದರೆ ಎನ್‌ಸಿಸಿ, ಚರ್ಚಾ ಸ್ಪರ್ಧೆಗಳನ್ನೇ ಕಾಣದ ಶಾಲೆಯಿಂದ ಬಂದ ಹುಡುಗ ಆ ಮೇಜಿನ ಮುಂದೆ ಏನು ಹೇಳಿಯಾನು?

ಆಮೇಲೆ ಬಂದದ್ದು ದುಡ್ಡಿನ ಸೇರು. ಖಾಸಗಿ ಕಾಲೇಜುಗಳು ಬೆಳೆದಂತೆ ಕ್ಯಾಪಿಟೇಶನ್ ಬೆಳೆಯಿತು. 1984ರಲ್ಲಿ ರಾಜ್ಯ ಅದನ್ನು ನಿಷೇಧಿಸುವ ಕಾಯ್ದೆ ತಂದಿತು. ಆದರೂ 1989ರ ಸರ್ಕಾರಿ ಅಧಿಸೂಚನೆಯಂತೆ ಖಾಸಗಿ ಮೆಡಿಕಲ್ ಕಾಲೇಜಿನ ವಾರ್ಷಿಕ ಶುಲ್ಕ ಮೂರು ಬಗೆ: ಸರ್ಕಾರಿ ಸೀಟಿಗೆ 2,000 ರೂಪಾಯಿ, ರಾಜ್ಯದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000. ಇದನ್ನು ಪ್ರಶ್ನಿಸಿದ್ದೇ ಮೋಹಿನಿ ಜೈನ್ ಪ್ರಕರಣ. ದುಡ್ಡಿಗೆ ಸೀಟು ಮಾರುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪಿನಲ್ಲಿ ಖಾಸಗಿ ಕಾಲೇಜಿನ ಅರ್ಧ ಸೀಟು ಸರ್ಕಾರಿ ಶುಲ್ಕಕ್ಕೆ, ಇನ್ನರ್ಧ ಹೆಚ್ಚಿನ ಶುಲ್ಕಕ್ಕೆ, ಎರಡೂ ಮೆರಿಟ್ ಮೇಲೆ ಎಂಬ ಸೂತ್ರ ಬಂತು. 1994ರಲ್ಲಿ ಸಿಇಟಿ ಕೋಶ ಆರಂಭವಾಯಿತು. ಶಿಫಾರಸು ಇಲ್ಲದ ಮನೆಯ ಮಕ್ಕಳೂ ರ‍್ಯಾಂಕ್ ಹಿಡಿದು ಒಳಗೆ ಹೋಗುವ ದಾರಿ ತೆರೆಯಿತು.

2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು ಬಂದು ಖಾಸಗಿ ಕಾಲೇಜುಗಳಿಗೆ ಮತ್ತೆ ಸ್ವಾತಂತ್ರ್ಯ ಸಿಕ್ಕಿತು. ಈಗ ಒಂದೇ ಕಾಲೇಜಿನಲ್ಲಿ ಸರ್ಕಾರಿ ಕೋಟಾ, ಕಾಮೆಡ್‌ಕೆ, ಮ್ಯಾನೇಜ್‌ಮೆಂಟ್ ಎಂದು ಬೇರೆ ಬೇರೆ ಸೀಟು, ಬೇರೆ ಬೇರೆ ಶುಲ್ಕ.

ಇವತ್ತಿನ ಲೆಕ್ಕ ಹೀಗಿದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಮತ್ತು ಸಿಇಟಿ ಅಂಕ ಅರ್ಧರ್ಧ. ಎಂಬಿಬಿಎಸ್‌ಗೆ ನೀಟ್ ರ‍್ಯಾಂಕೇ ಎಲ್ಲ. ಪಿಯುಸಿಯಲ್ಲಿ ನಿಗದಿತ ಕನಿಷ್ಠ ಅಂಕ ಇದ್ದರೆ ಸಾಕು. ಬಿಎಸ್ಸಿ ಕೃಷಿಯಲ್ಲಿ ರೈತರ ಮಕ್ಕಳ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆ ಉಂಟು, ಅದರ ಅಂಕವೂ ರ‍್ಯಾಂಕಿಗೆ ಸೇರುತ್ತದೆ. ಹೊಲದಲ್ಲಿ ಕಲಿತದ್ದಕ್ಕೆ ಬೆಲೆ ಕಟ್ಟುವ ಸೇರು ಇದೊಂದೇ. ಉಳಿದ ಕಡೆ ಮಂಗಳೂರು, ಮೂಡುಬಿದಿರೆ, ಬೆಂಗಳೂರಿನ ಕೋಚಿಂಗ್ ಮಕ್ಕಳ ಜೊತೆಗೇ ನಮ್ಮ ಮಕ್ಕಳ ಓಟ.

ಇದನ್ನು ಸ್ವಲ್ಪ ಸರಿದೂಗಿಸಲು ಇರುವುದೇ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ. ಸರ್ಕಾರಿ ಕೋಟಾದಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಹಾಗೆ ಓದಿರಬೇಕು. ಶಾಲೆ ಪಟ್ಟಣ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಅದು ಗ್ರಾಮೀಣ ಎನಿಸುವುದಿಲ್ಲ. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿಯ ಜೊತೆ ಬಿಇಒ ಮೇಲುಸಹಿಯೂ ಬೇಕು.

ಕೋರ್ಟು, ಸರ್ಕಾರ, ಕಾಲೇಜುಗಳ ಅರವತ್ತು ವರ್ಷದ ಜಗ್ಗಾಟದಲ್ಲಿ ಹಳ್ಳಿಯ ಪಾಲಿಗೆ ಉಳಿದಿರುವುದು ಇಷ್ಟು. ಒಂದು ಸಹಿ ಇಲ್ಲ ಎಂಬ ಕಾರಣಕ್ಕೆ ಅದೂ ಕೈ ಬಿಟ್ಟುಹೋಗಬಾರದು. ಫಲಿತಾಂಶಕ್ಕೆ ಕಾಯದೆ, ಈಗಲೇ ಶಾಲೆಗೆ ಹೋಗಿ ಆ ಪತ್ರ ಮಾಡಿಸಿಟ್ಟುಕೊಳ್ಳಿ.