ಒಂದೇ ಡಿಸ್ಕು, ನಾಲ್ಕು ಹಿಸ್ಸೆ

ಹಾರ್ಡ್ ಡಿಸ್ಕನ್ನು ಸಿ, ಡಿ, ಇ ಅಂತ ಭಾಗ ಮಾಡೋದು ಸಿನಿಮಾ ಒಂದು ಕಡೆ, ಕೆಲಸ ಒಂದು ಕಡೆ ಇಡೋಕೆ ಅಂತ ಬಹಳ ಜನ ಅಂದ್ಕೊಂಡಿರ್ತಾರೆ. ಶುರುವಾಗಿದ್ದು ಬೇರೆ ಕಾರಣಕ್ಕೆ. 1983ರಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ 10 ಎಂಬಿ ಡಿಸ್ಕಿನ ಜೊತೆ ಬಂತು. ಅದರ ಡಾಸ್ 2.0ಗೆ ಸಿಗ್ತಿದ್ದದ್ದು ಒಂದೇ ಪಾರ್ಟಿಷನ್, ಉಳಿದ ಮೂರು ಬೇರೆ ಆಪರೇಟಿಂಗ್ ಸಿಸ್ಟಂಗಳಿಗೆ! ಡಾಸ್ ತಾನೇ ಡಿ, ಇ ಮಾಡಿಕೊಂಡಿದ್ದು 1987ರ 3.3ರಿಂದ.

ನಮ್ಮ ಮಧುಗಿರಿ ಕಡೆ ಹೊಲ ಹಿಸ್ಸೆಯಾದರೆ ನಡುವೆ ಬದು ಕಾಣುತ್ತೆ. ಡಿಸ್ಕಿನಲ್ಲಿ ಬದು ಇಲ್ಲ, ಪಹಣಿ ಮಾತ್ರ: ಮೊದಲ ಸೆಕ್ಟರಿನ 512 ಬೈಟಿನಲ್ಲಿ 64 ಬೈಟು, ಹಿಸ್ಸೆಗೆ 16ರಂತೆ. ಅದು ಅಳಿಸಿಹೋದರೆ ಫೈಲುಗಳು ಅಲ್ಲೇ ಇರ್ತವೆ, ಎಲ್ಲಿಂದ ಎಲ್ಲಿವರೆಗೆ ಯಾರದ್ದು ಅಂತ ಹೇಳೋರಿಲ್ಲ.

2000ದ ದಶಕದಲ್ಲಿ ಲಿನಕ್ಸ್ ಮೆಚ್ಚಿದ ಕನ್ನಡಿಗರೂ ವಿಂಡೋಸಿಗೆ ಒಂದು ಹಿಸ್ಸೆ ಬಿಡಬೇಕಾಗ್ತಿತ್ತು. 1998ರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಎರಡೂ ವಿಂಡೋಸಿನವು. ಅವುಗಳ ಹಳೇ ಫಾಂಟಿನಲ್ಲಿ ಬರೆದದ್ದನ್ನು ಆ ಫಾಂಟಿಲ್ಲದ ಕಡೆ ತೆರೆದರೆ ಬರೀ ಕಲಸುಮೇಲೋಗರ. ಸಾಲದ್ದಕ್ಕೆ ವಿಂಡೋಸನ್ನೇ ಮೊದಲು ಹಾಕಬೇಕು! ಆಮೇಲೆ ಹಾಕಿದರೆ ಅದು ಮೊದಲ ಸೆಕ್ಟರಿನಲ್ಲಿದ್ದ ಗ್ರಬ್ ಮೇಲೆ ಕೇಳದೇ ತನ್ನದನ್ನು ಬರೀತಿತ್ತು. (ದಾಯಾದಿ ಬುದ್ಧಿ.)

ಯುನಿಕೋಡ್ ಬಂದು, ನುಡಿಯ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಸಿಕ್ಕ ಮೇಲೆ ಕನ್ನಡಕ್ಕೋಸ್ಕರ ಆ ಹಿಸ್ಸೆ ಬೇಕಾಗಿಲ್ಲ. ಇದನ್ನು ನಾನು ಲಿನಕ್ಸಿನಲ್ಲೇ ಕುಟ್ಟುತ್ತಿದ್ದೀನಿ :-)