ಸಿಮ್ ಇದ್ದ ಫೋನು, ಸಿಮ್ ಇಲ್ಲದ ಫೋನು

ಸಿಮ್ ಕಾರ್ಡ್ ಇಲ್ಲದ ಮೊಬೈಲ್ ಎಂದರೆ ಈಗಿನ ಹೈಸ್ಕೂಲು ಮಕ್ಕಳಿಗೆ ನಗು ಬರಬಹುದು. ಆದರೆ ಸಿಮ್ ಇದ್ದ ಜಿಎಸ್‌ಎಂ ಫೋನಿಗೂ ಸಿಮ್ ಇಲ್ಲದ ಸಿಡಿಎಂಎ ಫೋನಿಗೂ ನಮ್ಮ ದೇಶದಲ್ಲಿ ವರ್ಷಗಟ್ಟಲೆ ಪೈಪೋಟಿ ನಡೆಯಿತು. ಹಳ್ಳಿಗಳಿಗೂ ಮೊಬೈಲ್ ಬಂದದ್ದರಲ್ಲಿ ಆ ಪೈಪೋಟಿಯ ಪಾಲು ದೊಡ್ಡದು.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ಕರೆ ಮಾಡಿದರು. ಭಾರತದ ಮೊಬೈಲ್ ಸೇವೆ ಶುರುವಾದದ್ದು ಹೀಗೆ. ಅದು ಯುರೋಪಿನಲ್ಲಿ ರೂಪುಗೊಂಡ ಜಿಎಸ್‌ಎಂ. ಆಗ ನಿಮಿಷಕ್ಕೆ 16 ರೂಪಾಯಿವರೆಗೂ ದರವಿತ್ತು. ಬಂದ ಕರೆಗೂ ದುಡ್ಡು ಕೊಡಬೇಕಿತ್ತು.

ಎದುರಾಳಿ ಸಿಡಿಎಂಎಯನ್ನು ಬೆಳೆಸಿದ್ದು ಅಮೆರಿಕದ ಕ್ವಾಲ್‌ಕಾಮ್ ಕಂಪನಿ. ಜಿಎಸ್‌ಎಂನಲ್ಲಿ ಒಂದು ತರಂಗಾಂತರವನ್ನು ಎಂಟು ಕರೆಗಳು ಸರದಿಯಂತೆ ಹಂಚಿಕೊಳ್ಳುತ್ತವೆ. ಸಿಡಿಎಂಎಯಲ್ಲಿ ಎಲ್ಲರ ಮಾತೂ ಒಟ್ಟಿಗೇ ಹರಿಯುತ್ತದೆ. ಒಂದೊಂದು ಕರೆಗೂ ಒಂದೊಂದು ಸಂಕೇತ. ಸಂತೆಯ ಗದ್ದಲದಲ್ಲೂ ನಮ್ಮವರ ದನಿಯನ್ನು ನಮ್ಮ ಕಿವಿ ಗುರುತಿಸುವಂತೆ, ಫೋನು ತನ್ನ ಸಂಕೇತವನ್ನು ಹೆಕ್ಕಿಕೊಳ್ಳುತ್ತದೆ.

2001ರಲ್ಲಿ ಸ್ಥಿರ ದೂರವಾಣಿ ಕಂಪನಿಗಳಿಗೆ ಸರ್ಕಾರ ‘ಸೀಮಿತ ಸಂಚಾರ’ದ ಸೇವೆಗೆ ಅನುಮತಿ ಕೊಟ್ಟಿತು. ಹೆಚ್ಚುಕಡಿಮೆ ಒಂದು ತಾಲ್ಲೂಕಿನಷ್ಟು ಜಾಗದೊಳಗೆ ಮಾತ್ರ ಆ ಫೋನು ಹಿಡಿದು ಓಡಾಡಬಹುದಿತ್ತು. ಭಾರಿ ಪರವಾನಗಿ ಶುಲ್ಕ ತೆತ್ತಿದ್ದ ಜಿಎಸ್‌ಎಂ ಕಂಪನಿಗಳು ಇದನ್ನು ವಿರೋಧಿಸಿದವು. ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2003ರ ನವೆಂಬರಿನಲ್ಲಿ ಏಕೀಕೃತ ಪರವಾನಗಿ ಬಂದ ಮೇಲೆ ಆ ಬೇಲಿ ಹೋಯಿತು.

ಅಷ್ಟರಲ್ಲಿ, ಅದೇ ವರ್ಷದ ಜುಲೈನಲ್ಲಿ, ರಿಲಯನ್ಸ್ ಕಂಪನಿ 501 ರೂಪಾಯಿ ಮುಂಗಡಕ್ಕೆ ಸಿಡಿಎಂಎ ಫೋನು ಕೊಡತೊಡಗಿತ್ತು. ಬಂದ ಕರೆಗೆ ದುಡ್ಡು ಕೊಡುವುದೂ ಆ ವರ್ಷವೇ ನಿಂತಿತು. ಜಿಎಸ್‌ಎಂ ಕಂಪನಿಗಳೂ ದರ ಇಳಿಸಲೇಬೇಕಾಯಿತು. ಶ್ರೀಮಂತರ ಕೈಯಲ್ಲಿದ್ದ ಫೋನು ಕೂಲಿಕಾರರ ಜೇಬಿಗೂ ಬಂತು.

ಇಷ್ಟಾದರೂ ಸಿಡಿಎಂಎ ಸೋತಿತು. ತಂತ್ರಜ್ಞಾನ ಕಳಪೆಯಾಗಿತ್ತೆಂದಲ್ಲ. ಸಾಮಾನ್ಯವಾಗಿ ಆ ಫೋನು ಕಂಪನಿಗೇ ಕಟ್ಟಿಬಿದ್ದಿರುತ್ತಿತ್ತು; ಸೇವೆ ಬೇಡವೆಂದರೆ ಫೋನನ್ನೂ ಬಿಡಬೇಕು. ಜಿಎಸ್‌ಎಂನಲ್ಲಿ ಸಿಮ್ ಬದಲಿಸಿದರೆ ಸಾಕಿತ್ತು. ಜಗತ್ತಿನ ಹೆಚ್ಚಿನ ದೇಶಗಳು ಜಿಎಸ್‌ಎಂ ಬಳಸುತ್ತಿದ್ದುದರಿಂದ ಬಗೆಬಗೆಯ ಅಗ್ಗದ ಫೋನುಗಳೂ ಸಿಕ್ಕವು. 2007ರಲ್ಲಿ ಎರಡೂ ತಂತ್ರ ಬಳಸಲು ಅನುಮತಿ ಸಿಕ್ಕಾಗ ರಿಲಯನ್ಸ್, ಟಾಟಾ ಕಂಪನಿಗಳೇ ಜಿಎಸ್‌ಎಂ ಕಡೆ ಬಂದವು.

ಸೋತವರ ವಿದ್ಯೆ ಮಾತ್ರ ವ್ಯರ್ಥವಾಗಲಿಲ್ಲ. ಜಿಎಸ್‌ಎಂ ಬಳಗದ 3ಜಿ ಸಂಕೇತ ಹಂಚಿಕೆಯ ಅದೇ ತತ್ವವನ್ನು ಅಳವಡಿಸಿಕೊಂಡಿತು. 4ಜಿ ಬರುವ ಹೊತ್ತಿಗೆ ಎರಡು ದಾರಿಗಳೂ ಒಂದಾದವು.

ನಮ್ಮ ಶಾಲೆಯಿಂದ ಎಂಜಿನಿಯರಿಂಗ್ ಕಡೆ ಹೊರಡುವ ತಮ್ಮ ತಂಗಿಯರು ಇದೊಂದನ್ನು ನೆನಪಿಡಲಿ: ಯಂತ್ರ ಎಷ್ಟು ಜಾಣತನದ್ದು ಎಂಬುದರ ಜೊತೆಗೆ, ಕೊಂಡವನಿಗೆ ಅದು ಎಷ್ಟು ಸ್ವಾತಂತ್ರ್ಯ ಕೊಡುತ್ತದೆ ಎಂದೂ ಕೇಳಬೇಕು.