ಎರಡನೇ ತ್ರೈಮಾಸಿಕದ ಗರ್ಭಪಾತ: ಔಷಧಿ ಕ್ರಮಗಳು ಮತ್ತು ಸೇವೆ ಪಡೆಯುವ ವಿಧಾನ

ಗರ್ಭಧಾರಣೆಯ 12 ವಾರಗಳ ನಂತರ ಔಷಧಿಗಳ ಮೂಲಕ ಗರ್ಭಪಾತ ಮಾಡಿಸಲು ಎರಡು ಕ್ರಮಗಳು ರೂಢಿಯಲ್ಲಿವೆ. ಸಾರ್ವಜನಿಕರ ತಿಳುವಳಿಕೆಗಾಗಿ ಅವುಗಳ ವಿವರ ಈ ಕೆಳಗಿನಂತಿದೆ.

1. ಸಂಯುಕ್ತ ಕ್ರಮ: ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯನ್ವಯ ಮೊದಲು 200 ಮಿಲಿಗ್ರಾಂ ಮಿಫೆಪ್ರಿಸ್ಟೋನ್ ಮಾತ್ರೆಯನ್ನು ನುಂಗಿಸಲಾಗುತ್ತದೆ. 1ರಿಂದ 2 ದಿನಗಳ ನಂತರ 400 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಅನ್ನು 3 ಗಂಟೆಗೊಮ್ಮೆ ನಾಲಿಗೆಯ ಕೆಳಗೆ, ಕೆನ್ನೆಯ ಒಳಬದಿಯಲ್ಲಿ ಅಥವಾ ಯೋನಿ ಮಾರ್ಗದಲ್ಲಿ ನೀಡಲಾಗುತ್ತದೆ.

2. ಮಿಸೊಪ್ರೊಸ್ಟಾಲ್ ಮಾತ್ರ ಬಳಸುವ ಕ್ರಮ: ಮಿಫೆಪ್ರಿಸ್ಟೋನ್ ಲಭ್ಯವಿಲ್ಲದಲ್ಲಿ ಇದೇ ಪ್ರಮಾಣವನ್ನು ಇದೇ ಅಂತರದಲ್ಲಿ ಆರಂಭದಿಂದಲೇ ನೀಡಲಾಗುತ್ತದೆ.

ವ್ಯತ್ಯಾಸ: ಮಿಫೆಪ್ರಿಸ್ಟೋನ್ ಗರ್ಭಕೋಶವನ್ನು ಮುಂದಿನ ಔಷಧಿಗೆ ಅಣಿಗೊಳಿಸುತ್ತದೆ. ಆದುದರಿಂದ ಮೊದಲ ಕ್ರಮದಲ್ಲಿ ಒಂದೆರಡು ದಿನ ಕಾಯಬೇಕಾದರೂ, ಮಿಸೊಪ್ರೊಸ್ಟಾಲ್ ಆರಂಭಿಸಿದ ಬಳಿಕ ಹಿಡಿಯುವ ಸಮಯ ಹಾಗೂ ಬೇಕಾಗುವ ಬಾರಿಗಳು ಕಡಿಮೆ. ಹಿಂದೆ ಸಿಸೇರಿಯನ್ ಆಗಿದ್ದಲ್ಲಿ ಆ ವಿಷಯವನ್ನು ವೈದ್ಯರಿಗೆ ತಪ್ಪದೇ ತಿಳಿಸತಕ್ಕದ್ದು. ಔಷಧಿಯ ಪ್ರಮಾಣವನ್ನು ವೈದ್ಯರೇ ನಿರ್ಧರಿಸುತ್ತಾರೆ.

ಎಚ್ಚರಿಕೆ: ಈ ಹಂತದಲ್ಲಿ ಅಧಿಕ ರಕ್ತಸ್ರಾವದ ಸಂಭವವಿರುವುದರಿಂದ ಮೇಲ್ಕಂಡ ಕ್ರಮಗಳನ್ನು ಆಸ್ಪತ್ರೆಯಲ್ಲಿ ದಾಖಲಾಗಿಯೇ ಪಡೆಯತಕ್ಕದ್ದು. ವೈದ್ಯರ ಚೀಟಿಯ ಮೇಲೆ ಔಷಧಿ ಅಂಗಡಿಗಳಲ್ಲಿ ದೊರೆಯುವ ಸಂಯುಕ್ತ ಮಾತ್ರೆಗಳ ಪೊಟ್ಟಣವು 9 ವಾರಗಳವರೆಗಿನ ಗರ್ಭಕ್ಕೆ ಮಾತ್ರ ಅನುಮೋದಿತವಾಗಿದೆ.

ಅರ್ಹತೆ: ವೈದ್ಯಕೀಯ ಗರ್ಭಪಾತ ಕಾಯ್ದೆ, 1971ಕ್ಕೆ 2021ರಲ್ಲಿ ತಂದ ತಿದ್ದುಪಡಿಯನ್ವಯ, ಕಾಯ್ದೆಯಲ್ಲಿ ಹೇಳಿರುವ ಕಾರಣಗಳಿಗೆ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಗಳವರೆಗೆ ಇಬ್ಬರ ಅಭಿಪ್ರಾಯ ಅಗತ್ಯ. ಈ ಅವಧಿಯಲ್ಲಿ ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಗರ್ಭಾವಸ್ಥೆಯಲ್ಲಿ ವಿಧವೆಯಾದ ಅಥವಾ ವಿಚ್ಛೇದನ ಹೊಂದಿದವರು, ಅಂಗವಿಕಲರು ಮುಂತಾಗಿ ನಿಯಮಗಳಲ್ಲಿ ಸೂಚಿಸಿದವರು ಅರ್ಹರು. ಅವಿವಾಹಿತರನ್ನು ಹೊರಗಿಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2022ರ ಸೆಪ್ಟೆಂಬರ್ 29ರಂದು ತೀರ್ಪು ನೀಡಿದೆ. ಭ್ರೂಣದಲ್ಲಿ ಗಂಭೀರ ನ್ಯೂನತೆಯಿದ್ದು 24 ವಾರ ಮೀರಿದಲ್ಲಿ ವೈದ್ಯಕೀಯ ಮಂಡಳಿಯು ತೀರ್ಮಾನಿಸುತ್ತದೆ.

ಒಪ್ಪಿಗೆ ಮತ್ತು ಗೋಪ್ಯತೆ: 18 ವರ್ಷ ತುಂಬಿದ ಮಹಿಳೆಯ ಲಿಖಿತ ಒಪ್ಪಿಗೆಯೊಂದೇ ಸಾಕು, ಪತಿಯ ಅಥವಾ ಕುಟುಂಬದವರ ಸಹಿ ಬೇಕಾಗಿಲ್ಲ. ಅಪ್ರಾಪ್ತರಿಗೆ ಹಾಗೂ ಮಾನಸಿಕ ಅಸ್ವಸ್ಥರಿಗೆ ಪೋಷಕರ ಲಿಖಿತ ಒಪ್ಪಿಗೆ ಅಗತ್ಯ. ಕಾನೂನಿನನ್ವಯ ಅಧಿಕಾರವುಳ್ಳವರ ಹೊರತು ಬೇರೆಯವರಿಗೆ ಮಹಿಳೆಯ ಹೆಸರು, ವಿವರ ಬಹಿರಂಗಪಡಿಸುವುದು ಶಿಕ್ಷಾರ್ಹ ಅಪರಾಧ.

ಸೇವೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಅಥವಾ 12 ವಾರ ಮೀರಿದ ಗರ್ಭಪಾತಕ್ಕೆ ಅನುಮೋದನೆ ಪಡೆದ ಖಾಸಗಿ ಆಸ್ಪತ್ರೆಗಳಲ್ಲಿ ಮಾತ್ರ ಪಡೆಯಬಹುದು. ವಾರಗಳು ಹೆಚ್ಚಿದಂತೆ ಅಪಾಯವೂ ಕಾನೂನಿನ ಷರತ್ತುಗಳೂ ಹೆಚ್ಚುವುದರಿಂದ, ಅಗತ್ಯವುಳ್ಳವರು ವಿಳಂಬ ಮಾಡದೆ ಸ್ತ್ರೀರೋಗ ತಜ್ಞರನ್ನು ಸಂಪರ್ಕಿಸುವುದು.